ಹೊಲದ ಹಕ್ಕಿಗಳ ಹಾಜರಿ

ಹಕ್ಕಿಗಳನ್ನು ನೋಡಬೇಕಾದರೆ ರಂಗನತಿಟ್ಟಿಗೋ ಕೊಕ್ಕರೆ ಬೆಳ್ಳೂರಿಗೋ ಹೋಗಬೇಕು, ಅದೂ ಆಗದಿದ್ದರೆ ಮಲೆನಾಡಿನ ಯಾವುದಾದರೊಂದು ಕಾಡನ್ನು ಹೊಗಬೇಕು ಎಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಉಂಟು. ಎರೆಸೀಮೆಯವರಾದ ನಾವು ಈ ವಿಷಯದಲ್ಲಿ ತುಸು ಹೆಚ್ಚಾಗಿಯೇ ದೈನ್ಯ ತಾಳಿದ್ದೇವೆ. ನಮ್ಮ ಕಡೆ ಏನಿದೆ? ಕೆಳಗೆ ಕರಿಯ ಮಣ್ಣು, ಮೇಲೆ ಬಿಸಿಲು, ನಡುವೆ ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ, ಎಂದು ನಮ್ಮ ಊರುಗಳನ್ನು ನಾವೇ ಹಳಿದುಕೊಳ್ಳುವ ಮಾತು ಹಾಸ್ಟೆಲಿನ ಜಗಲಿಯಲ್ಲಿ ದಿನವೂ ಕೇಳಿಬರುತ್ತದೆ. ಆದರೆ ಉತ್ತ ಹೊಲ, ಬೆಳೆದು ನಿಂತ ಹೊಲ, ಕೊಯ್ದು ಕೂಳೆ ಉಳಿದ ಹೊಲ, ಬೀಳುಬಿದ್ದ ಹೊಲ ಇವುಗಳನ್ನೇ ಮನೆಮಾಡಿಕೊಂಡ ಹಕ್ಕಿಗಳು ಅನೇಕವಾಗಿವೆ. ಅವುಗಳನ್ನು ಹಿಡಿದೊಯ್ದು ಆಗುಂಬೆಯ ಕಾಡಿನಲ್ಲಿ ಬಿಟ್ಟರೆ ಬದುಕಲಾರವು. ಈ ಹೊಲದ ಹಕ್ಕಿಗಳನ್ನು ಎಣಿಸುವುದು ಹೇಗೆ, ಏತಕ್ಕಾಗಿ ಎಣಿಸಬೇಕು, ಹಾಗೆ ಎಣಿಸಲೆಂದು ನಸುಕಿನಲ್ಲಿ ಹೊರಟವನ ಕಣ್ಣಿಗೆ ಇನ್ನೂ ಏನೇನು ಬೀಳುತ್ತದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ನನ್ನ ಅಧಿಕಾರ ಎಷ್ಟು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ, ಭೂಗೋಳ, ಕನ್ನಡ ಓದುವ ಬಿ.ಎ. ತರಗತಿಯವನು. ಊರಿನ ನೆಲದ ಬಳಕೆಯನ್ನು ಕುರಿತು ಒಂದು ವರದಿ ಬರೆದು ತರಬೇಕೆಂದು ಭೂಗೋಳದ ಗುರುಗಳು ಅಪ್ಪಣೆ ಮಾಡಿದಾಗ, ನಕ್ಷೆಯ ಜೊತೆಗೆ ಹಕ್ಕಿಗಳನ್ನೂ ಸೇರಿಸಲೆ ಎಂದು ಕೇಳಿದೆ. ಅವರು ನಕ್ಕು ತಮ್ಮ ದುರ್ಬೀನನ್ನು ಕೊಟ್ಟರು. ಹೀಗೆ ೨೦೨೪ರ ನವೆಂಬರಿನಿಂದ ೨೦೨೫ರ ಫೆಬ್ರವರಿಯ ಕೊನೆಯವರೆಗೆ, ಶನಿವಾರ ಸಂಜೆಯ ಬಸ್ಸು ಸಿಕ್ಕಿದ ವಾರಗಳಲ್ಲೆಲ್ಲ, ಒಟ್ಟು ಹದಿನಾಲ್ಕು ಬೆಳಗು ನಾನು ಗದಗ ಜಿಲ್ಲೆಯ ನಮ್ಮ ಹಳ್ಳಿಯ ಹೊಲಗಳಲ್ಲಿ ನಡೆದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸುಗ್ಗಿಯ ಮುಂದೆ ಊರಿಗೆ ಬಂದ ಮಗ ಕುಡುಗೋಲಿನ ಬದಲು ದುರ್ಬೀನು ಹಿಡಿದು ಹೊರಟುದನ್ನು ಕಂಡು ಓಣಿಯವರು ತಲೆಗೊಂದು ಮಾತಾಡಿದರು. ತಂದೆಯವರು ಮಾತ್ರ ಒಂದೇ ಪ್ರಶ್ನೆ ಕೇಳಿದರು: “ಎಷ್ಟು ಹಕ್ಕಿ ಅದಾವಂತ ಬರಕೊಂಡ್ರ ಏನ್ ಬರ್ತೈತೋ ತಮ್ಮಾ?” ಸಾಲ ಮಾಡಿ ಬಿತ್ತಿದವರು ಕೇಳುವ ಪ್ರಶ್ನೆ ಇದು. ಇದನ್ನು ನಗೆಯಲ್ಲಿ ತೇಲಿಸಿಬಿಡುವುದು ಸಲ್ಲದು.

ನೋಡುವುದಕ್ಕೂ ಎಣಿಸುವುದಕ್ಕೂ ಇರುವ ವ್ಯತ್ಯಾಸವನ್ನು ತಿಳಿಯಲು ನಮ್ಮ ತರಗತಿಯ ಹಾಜರಿಗಿಂತ ಒಳ್ಳೆಯ ದೃಷ್ಟಾಂತವಿಲ್ಲ. ಅಧ್ಯಾಪಕರು ಕೋಣೆಯೊಳಗೆ ಬಂದು ಒಮ್ಮೆ ಕಣ್ಣಾಡಿಸಿ “ಇವೊತ್ತು ಸುಮಾರಾಗಿ ಬಂದಿದ್ದಾರೆ” ಎಂದುಕೊಂಡರೆ ಅದು ನೋಡುವುದು. ಪುಸ್ತಕ ತೆರೆದು ಒಂದೊಂದೇ ಹೆಸರು ಕೂಗಿ, ಬಂದವರಿಗೆ ಗುರುತು ಹಾಕಿ, ಬಾರದವರಿಗೂ ಗುರುತು ಹಾಕಿದರೆ ಅದು ಎಣಿಸುವುದು. ವರ್ಷದ ಕೊನೆಯಲ್ಲಿ ಪರೀಕ್ಷೆಗೆ ಯಾರನ್ನು ಕೂರಿಸಬೇಕು ಎಂಬುದು ಎರಡನೆಯದರಿಂದ ತೀರ್ಮಾನವಾಗುತ್ತದೆಯೇ ಹೊರತು ಮೊದಲನೆಯದರಿಂದಲ್ಲ. ಹಕ್ಕಿಗಳ ವಿಷಯವೂ ಹೀಗೆಯೆ. “ಮೊದಲು ಗುಬ್ಬಿ ಬಹಳ ಇದ್ದುವು, ಈಗ ಇಲ್ಲ” ಎಂದು ಎಲ್ಲರೂ ಹೇಳುತ್ತಾರೆ. ಎಷ್ಟಿದ್ದುವು, ಎಲ್ಲಿದ್ದುವು, ಯಾವಾಗಿನಿಂದ ಇಲ್ಲ ಎಂದು ಕೇಳಿದರೆ ಹೇಳುವವರಿಲ್ಲ. ಹಾಜರಿ ಪುಸ್ತಕವನ್ನು ಯಾರೂ ಇಟ್ಟಿರಲಿಲ್ಲ.

ಹಕ್ಕಿಗಳು ಹೆಸರು ಕೂಗಿದರೆ ಓಗೊಡುವುದಿಲ್ಲವಾದುದರಿಂದ ಇಲ್ಲಿ ಕೆಲವು ಕಟ್ಟುಪಾಡುಗಳು ಬೇಕಾಗುತ್ತವೆ. ಒಂದು ಹಾದಿಯನ್ನು ಗೊತ್ತುಮಾಡಿಕೊಂಡು ಪ್ರತಿಸಲವೂ ಅದೇ ಹಾದಿಯಲ್ಲಿ, ಅದೇ ಹೊತ್ತಿಗೆ, ಅದೇ ವೇಗದಲ್ಲಿ ನಡೆಯಬೇಕು. ನಾನು ಆರಿಸಿಕೊಂಡುದು ಎರಡು ಕಿಲೋಮೀಟರಿನ ಬಂಡಿಜಾಡು. ಅದು ನಮ್ಮ ಕಡಲೆಯ ಹೊಲದ ಬದುವಿನಿಂದ ಹೊರಟು ಬಿಳಿಜೋಳ, ಕುಸುಬೆ, ಕೊಳವೆ ಬಾವಿಯ ನೀರಿನ ಮೆಕ್ಕೆಜೋಳ ಇವುಗಳನ್ನು ಹಾದು, ಎರಡು ಬೀಳು ಹೊಲ ದಾಟಿ, ಊರ ಗಾಯರಾಣದ ನಡುವೆ ಹೋಗಿ ಹಳ್ಳಕ್ಕೆ ಇಳಿಯುತ್ತದೆ. (ಗಾಯರಾಣವೆಂದರೆ ದನ ಮೇಯಲು ಬಿಟ್ಟ ಊರೊಟ್ಟಿನ ನೆಲ; ಹಳೆಯ ಮೈಸೂರಿನವರು ಗೋಮಾಳ ಎನ್ನುವುದು ಇದನ್ನೇ.) ಈ ಹಾದಿಯನ್ನು ಇನ್ನೂರು ಮೀಟರಿನ ಹತ್ತು ತುಂಡುಗಳಾಗಿ ವಿಭಾಗಿಸಿ, ಒಂದೊಂದು ತುಂಡಿಗೆ ಒಂದೊಂದು ಪುಟ ಮಾಡಿಕೊಂಡೆ. ಇಕ್ಕೆಲಗಳಲ್ಲಿ ಐವತ್ತು ಮೀಟರಿನೊಳಗೆ ಕಂಡ ಅಥವಾ ಕೇಳಿದ ಪ್ರತಿಯೊಂದು ಹಕ್ಕಿಯ ಹೆಸರು, ಸಂಖ್ಯೆ, ಅದು ಕುಳಿತ ಹೊಲದ ಬೆಳೆ ಇಷ್ಟನ್ನು ಬರೆಯುವುದು. ಅದಕ್ಕಿಂತ ದೂರದವನ್ನು ಬೇರೆ ಕಡೆ ಬರೆಯಬೇಕು. ಏಕೆಂದರೆ ಹತ್ತಿರದ ಹಕ್ಕಿ ಕಾಣುವಷ್ಟು ಸುಲಭವಾಗಿ ದೂರದ್ದು ಕಾಣುವುದಿಲ್ಲ. ಎರಡನ್ನೂ ಬೆರೆಸಿದರೆ ಬಯಲಿನಲ್ಲಿ ಹಕ್ಕಿ ಹೆಚ್ಚೆಂದೂ ಜೋಳದ ಮರೆಯಲ್ಲಿ ಕಡಿಮೆಯೆಂದೂ ಸುಳ್ಳು ಲೆಕ್ಕ ಬರುತ್ತದೆ. ತಲೆಯ ಮೇಲೆ ಸುಮ್ಮನೆ ಹಾದುಹೋದವನ್ನು ಹೊಲದ ಲೆಕ್ಕಕ್ಕೆ ಸೇರಿಸಕೂಡದು. ಹಿಂದೆ ಬಿಟ್ಟ ಹಕ್ಕಿ ಹಾರಿ ಮುಂದೆ ಕುಳಿತರೆ ಅದನ್ನು ಮತ್ತೆ ಎಣಿಸಕೂಡದು. ಇದು ನಮ್ಮ ತರಗತಿಯಲ್ಲಿ ಒಬ್ಬನೇ ಇಬ್ಬರ ಹೆಸರಿಗೆ ಓಗೊಡುವಂತೆ. (ಮಿತ್ರರು ಕ್ಷಮಿಸಬೇಕು.) ಗಾಳಿ ಬಲವಾಗಿದ್ದರೆ, ಮಂಜು ದಟ್ಟವಾಗಿದ್ದರೆ ಎಣಿಕೆಯನ್ನೇ ಬಿಟ್ಟು ಮನೆಗೆ ಹೋಗಿ ರೊಟ್ಟಿ ತಿನ್ನುವುದು ಶಾಸ್ತ್ರಸಮ್ಮತ.

ಎಲ್ಲಕ್ಕಿಂತ ಮುಖ್ಯವಾದುದು, ಇಲ್ಲವೆಂಬುದನ್ನೂ ಬರೆಯುವುದು. ಅಪರೂಪದ ಹಕ್ಕಿಯನ್ನು ಮಾತ್ರ ಬರೆದು ಕಾಗೆ, ಗೊರವಂಕ, ಬೆಳವಗಳನ್ನು ಬಿಡುವುದು ಹೊಸಬರ ಸ್ವಭಾವ. ಗುರುತಿಸಿದವನ್ನೆಲ್ಲ ಬರೆದ ಪಟ್ಟಿಯಲ್ಲಿ ಒಂದು ಹೆಸರು ಇಲ್ಲದಿದ್ದರೆ ಆ ಹಕ್ಕಿ ಅಲ್ಲಿ ಸಿಕ್ಕಲಿಲ್ಲವೆಂದು ಅರ್ಥ. ಆರಿಸಿ ಬರೆದ ಪಟ್ಟಿಯಿಂದ ಹಾಗೆ ಅರ್ಥಮಾಡಲು ಬರುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಲೆಯವರು ೨೦೦೨ರಲ್ಲಿ ಆರಂಭಿಸಿದ ಈಬರ್ಡ್ ಎಂಬ ದಾಖಲೆಯೂ ಈ ಪೂರ್ಣ ಪಟ್ಟಿಯ ತತ್ತ್ವದ ಮೇಲೆಯೇ ನಿಂತಿದೆ. ಅದನ್ನು ನಮ್ಮ ಕಿಸೆಯ ಫೋನಿನಲ್ಲಿಯೇ ತುಂಬಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಒಟ್ಟಿಗೆ ನಡೆಯುವ ಎಣಿಕೆಯಲ್ಲಿ ನಮ್ಮ ದೇಶದ ಅನೇಕ ಕಾಲೇಜುಗಳ ಆವರಣಗಳೂ ಸೇರುತ್ತವೆ. ನಮ್ಮ ಕಾಲೇಜಿನ ಹಿಂದಿನ ಬೇವಿನ ಮರಗಳ ಹಾಜರಿಯನ್ನು ಇನ್ನೂ ಯಾರೂ ತೆಗೆದಿಲ್ಲ.

ಇನ್ನು ಹೊತ್ತಿನ ವಿಚಾರ. ನಸುಕಿನಲ್ಲಿಯೇ ಏಕೆ ಹೋಗಬೇಕು? ಇಡೀ ರಾತ್ರಿ ಉಪವಾಸವಿದ್ದ ಹಕ್ಕಿಗೆ ಬೆಳಗಾಗುತ್ತಲೆ ಹೊಟ್ಟೆ ತುಂಬಿಸಿಕೊಳ್ಳುವ ಆತುರ. ಆದುದರಿಂದ ಆಗ ಅದು ಹೊರಗೆ ಕಾಣಿಸಿಕೊಳ್ಳುತ್ತದೆ. ತಣ್ಣಗಿನ, ನಿಶ್ಚಲವಾದ ಗಾಳಿಯಲ್ಲಿ ಕೂಗು ದೂರಕ್ಕೆ ಕೇಳಿಸುತ್ತದೆ. ಹೊಲದ ಹಕ್ಕಿಗಳಲ್ಲಿ ಹಲವನ್ನು ಕಿವಿಯಿಂದಲೇ ಗುರುತಿಸಬೇಕು. ಬುರ್ಲಿಯಂಥದು ಕಾಲಬುಡದಿಂದ ಬುರ್ರೆಂದು ಏಳುವವರೆಗೆ ಕಣ್ಣಿಗೆ ಬೀಳುವುದೇ ಇಲ್ಲ. ಹತ್ತು ಗಂಟೆಯ ಮೇಲೆ ಎರೆನೆಲದಿಂದ ಝಳ ಏಳತೊಡಗಿದರೆ ದುರ್ಬೀನಿನಲ್ಲಿ ಎಲ್ಲವೂ ಬಿಸಿಲ್ಗುದುರೆಯಾಗಿ ನಡುಗುತ್ತದೆ. ನೆಲಗುಬ್ಬಿಗಳು ಹೆಂಟೆಯ ನೆರಳನ್ನು ಸೇರುತ್ತವೆ.

ಮಾಘದ ಚಳಿಯಲ್ಲಿ ಐದೂವರೆಗೆ ಎದ್ದು ಹೊರಟರೆ ಮೊದಲು ಎದುರಾಗುವುದು ಹಕ್ಕಿಯಲ್ಲ, ಕಡಲೆಯ ಹುಳಿ. ಕಡಲೆಯ ಎಲೆ ಒಂದು ಬಗೆಯ ಹುಳಿಯನ್ನು ಸ್ರವಿಸುತ್ತದೆ. ಅದರ ಮೇಲೆ ಬಿದ್ದ ಇಬ್ಬನಿಯೂ ಹುಳಿಯೆ. ನಮ್ಮ ಹೆಂಗಸರು ಹಿಂದೆ ಬಟ್ಟೆ ಹಾಸಿ, ಆ ಇಬ್ಬನಿಯನ್ನು ಹೀರಿಸಿ, ಹಿಂಡಿ, ಮದ್ದಿಗೆಂದು ಶೀಷೆಗಳಲ್ಲಿ ಇಡುತ್ತಿದ್ದರು. ಬರಿಗಾಲಲ್ಲಿ ಬದು ದಾಟುವಾಗ ಅದು ಹಿಮ್ಮಡಿಯ ಬಿರುಕುಗಳನ್ನು ಚುರುಗುಟ್ಟಿಸಿ ನಿದ್ದೆ ಬಿಡಿಸುತ್ತದೆ. ಪೂರ್ವದಲ್ಲಿ ಕೆಂಪು ಮೂಡುವ ಮುಂಚೆಯೇ ಕಾಜಾಣ ತಂತಿಯ ಮೇಲೆ ಕುಳಿತು ತನ್ನ ದಿನವನ್ನು ಆರಂಭಿಸಿರುತ್ತದೆ. ಆಮೇಲೆ ಎಲ್ಲಿಂದಲೋ ಒಂದು ಕೌಜುಗ “ಇಲ್ಲಿದ್ದೇನೆ, ಇಲ್ಲಿದ್ದೇನೆ” ಎಂಬಂತೆ ಗಂಟಲು ಹರಿದು ಕೂಗುತ್ತದೆ; ಅದಕ್ಕೆ ಗಾಯರಾಣದ ಕಡೆಯಿಂದ ಇನ್ನೊಂದು ಓಗೊಡುತ್ತದೆ. ಗಂಡು ನೆಲಗುಬ್ಬಿ, ಹೊಟ್ಟೆಯೆಲ್ಲ ಮಸಿ ಬಳಿದಂತೆ ಇರುವ ಅಂಗೈಯಗಲದ ಜೀವ, ನೆಟ್ಟಗೆ ಮೇಲೇರಿ, ರೆಕ್ಕೆ ಮುಚ್ಚಿ, ಸಿಳ್ಳು ಹಾಕುತ್ತ ಕಲ್ಲಿನಂತೆ ಬಿದ್ದು, ನೆಲ ಮುಟ್ಟುವ ಮುನ್ನ ಮತ್ತೆ ಏಳುತ್ತದೆ. ಯಾವ ಸರ್ಕಸ್ಸಿನವರೂ ಇಷ್ಟು ಅಗ್ಗವಾಗಿ ಇಂಥ ಆಟ ತೋರಿಸಲಾರರು.

ಕುರಿ ತರುಬಿದ ಹೊಲ ಸಿಕ್ಕಿತೆಂದರೆ ಎಣಿಸುವವನಿಗೆ ಹಬ್ಬ. ಗೊಬ್ಬರಕ್ಕಾಗಿ ರಾತ್ರಿಯೆಲ್ಲ ಕುರಿಹಿಂಡನ್ನು ನಿಲ್ಲಿಸಿಕೊಂಡ ಆ ನೆಲಕ್ಕೆ ಬೆಳಗಿನಲ್ಲಿ ಹುಳುಗಳನ್ನು ಅರಸಿ ಗೊರವಂಕ, ಬೆಳ್ಳಕ್ಕಿಗಳೂ, ಚಳಿಗಾಲದ ಅತಿಥಿಯಾದ ಕುಂಡೆಕುಸ್ಕವೂ ಬರುತ್ತವೆ. ಕೊನೆಯದರ ಹೆಸರು ಕೇಳಿ ನಗಬಾರದು. ಅದರ ನಡಿಗೆಯನ್ನು ಒಮ್ಮೆ ನೋಡಿದವರು ಬೇರೆ ಹೆಸರು ಇಡಲಾರರು.

ನಮ್ಮ ಅಜ್ಜಿಗೆ ಈ ಹೊತ್ತಿನ ಪರಿಚಯ ನನಗಿಂತ ಐವತ್ತು ವರ್ಷ ಹಿರಿದು. ಜೋಳ ಹಾಲುಗಟ್ಟಿದ ದಿನಗಳಲ್ಲಿ ನಸುಕಿಗೇ ಅಟ್ಟವನ್ನು ಏರಿ ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದವಳು ಅವಳು. ಗಿಳಿಗಳು ಯಾವ ದಿಕ್ಕಿನಿಂದ ಬರುತ್ತವೆ, ಗುಬ್ಬಿ ಯಾವ ಸಾಲಿನಿಂದ ನುಗ್ಗುತ್ತದೆ, ಗುಲಾಬಿ ಮೈಯ ಕಬ್ಬಕ್ಕಿಗಳ ಮೋಡ ಯಾವ ತಿಂಗಳು ಇಳಿದು ಯಾವ ತಿಂಗಳು ಏಳುತ್ತದೆ ಎಂಬುದನ್ನೆಲ್ಲ ಇಂದಿಗೂ ಹೇಳುತ್ತಾಳೆ. ಈ ಕಬ್ಬಕ್ಕಿಗೆ ಅವಳ ಬಾಯಲ್ಲಿ ಜೋಳದ ಹಕ್ಕಿ ಎಂದೇ ಹೆಸರು. ಅದು ಮರಿಮಾಡುವುದು ಮಧ್ಯ ಏಷ್ಯದಲ್ಲಿ ಎಂದು ನಾನು ಹೇಳಿದಾಗ, “ಅಷ್ಟು ದೂರದಿಂದ ನನ್ನ ಜ್ವಾಳಕ್ಕ ಬರತಿತ್ತೇನ!” ಎಂದು ಅಜ್ಜಿ ಒಂದು ಬಗೆಯ ಹೆಮ್ಮೆಪಟ್ಟಳು. ಹಕ್ಕಿಯನ್ನು ಓಡಿಸುವವರಿಗೆ ಹಕ್ಕಿಯ ವಿಷಯ ತಿಳಿದಿರುವಷ್ಟು ಅದನ್ನು ಹೊಗಳುವವರಿಗೆ ತಿಳಿದಿರುವುದಿಲ್ಲವೆಂದು ನನ್ನ ನಂಬಿಕೆ.

ಹಕ್ಕಿ ಎಣಿಸುವವನು ಮೆಲ್ಲಗೆ ನಡೆಯುತ್ತಾನೆ, ಆಗಾಗ ನಿಲ್ಲುತ್ತಾನೆ, ಮಾತಾಡುವುದಿಲ್ಲ. ಈ ಮೂರೂ ಬೇಟೆಗಾರನ ಗುಣಗಳು. ಆದುದರಿಂದ ಅವನಿಗೆ ಹಕ್ಕಿಗಳ ಜೊತೆಗೆ ಬೇರೆ ಪ್ರಾಣಿಗಳೂ ಕಾಣಸಿಗುತ್ತವೆ. ಕಪ್ಪತಗುಡ್ಡ ನಮ್ಮ ಊರಿನಿಂದ ತೆಂಕಣಕ್ಕೆ ನೀಲಿಯ ಗೆರೆಯಂತೆ ಕಾಣುತ್ತದೆ. ಅದನ್ನು ೨೦೧೯ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದರು. ಆದರೆ ಧಾಮದ ಗಡಿ ಮನುಷ್ಯರಿಗೆ ಗೊತ್ತೇ ಹೊರತು ಪ್ರಾಣಿಗಳಿಗೆ ಗೊತ್ತಿಲ್ಲ. ಕೃಷ್ಣಮೃಗವನ್ನು ನಮ್ಮ ಕಡೆ ಚಿಗರಿ ಎನ್ನುತ್ತಾರೆ; ಹುಬ್ಬಳ್ಳಿ ಧಾರವಾಡಗಳ ನಡುವೆ ಓಡುವ ಬಸ್ಸಿಗೆ ಇಟ್ಟಿರುವುದು ಇದರ ಹೆಸರನ್ನೇ. ಬಸ್ಸಿನ ಓಟವನ್ನು ನಾನು ಕಂಡಿದ್ದೇನೆ, ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಮಂಜಿನಲ್ಲಿ ಹಿಂಡು ಮೇಯುತ್ತಿರುವಾಗ ಒಂದು ಹೆಣ್ಣು ತಲೆಯೆತ್ತಿ ನೋಡಿತೆಂದರೆ ಸರಿ, ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಟ್ಟು ಚೆಂಡಿನಂತೆ ಪುಟಿಯುತ್ತದೆ, ಅದರ ಹಿಂದೆ ಎಲ್ಲವೂ. ಕಟ್ಟಕಡೆಗೆ, ಅವಸರವಿಲ್ಲದೆ, ತಿರುಚಿದ ಕೊಂಬಿನ ಕರಿಯ ಗಂಡು ಹೊರಡುತ್ತದೆ. ಆಮೇಲೆ ಹೋಗಿ ನೋಡಿದರೆ ಕಡಲೆಯ ಕುಡಿಗಳೆಲ್ಲ ಬೋಳಾಗಿರುತ್ತವೆ. ಅದರ ಚೆಲುವನ್ನು ಬಣ್ಣಿಸುವಾಗ ಈ ಬೋಳನ್ನು ಬಿಟ್ಟು ಬಣ್ಣಿಸುವುದು ರೈತನ ಮಗನಿಗೆ ಒಪ್ಪುವುದಿಲ್ಲ.

ಬಾಲದ ತುದಿ ಕಪ್ಪಾಗಿರುವ ಸಣ್ಣ ಜಾತಿಯ ನರಿಯೊಂದು ಬೀಳು ಹೊಲದ ಬದುವಿನಲ್ಲಿ ಬಿಲ ಮಾಡಿಕೊಂಡಿತ್ತು. ಇಲಿ, ಮಿಡತೆ, ಬಿದ್ದ ಬಾರೆಹಣ್ಣು ಇವೇ ಅದರ ಆಹಾರ. ಎರಡು ತಿಂಗಳಲ್ಲಿ ಅದು ನನ್ನನ್ನು ಬದುವಿನ ಕಲ್ಲುಗಳಲ್ಲಿ ಒಂದೆಂದು ಬಗೆದಂತೆ ಕಂಡಿತು. ಆದರೆ ನನ್ನ ಪುಟದಲ್ಲಿ ಕೆಂಪು ಮಸಿಯಿಂದ ಬರೆದ ದಿನ ಜನವರಿಯ ಎರಡನೆಯ ಭಾನುವಾರ. ಏಳನೆಯ ತುಂಡಿನಲ್ಲಿ ಟಿಟ್ಟಿಭವೊಂದು ಇದ್ದಕ್ಕಿದ್ದಂತೆ ಕಿರುಚತೊಡಗಿತು. ಟಿಟ್ಟಿಭದ ಕೂಗು ಹೊಲದ ಡಂಗುರ. ಅದು ಯಾವುದರ ಮೇಲೆ ಹಾರುತ್ತಿದೆ ಎಂದು ನೋಡಿದರೆ ಸಾರುವ ಸುದ್ದಿ ಏನೆಂದು ತಿಳಿಯುತ್ತದೆ. ಅದರ ಕೆಳಗೆ, ಕೂಳೆಯ ನಡುವೆ, ಮಣ್ಣಿನ ಬಣ್ಣದ, ಉದ್ದ ಕಾಲಿನ ಒಂದು ಪ್ರಾಣಿ ಒಂದೇ ಹದವಾದ ಸಣ್ಣ ಓಟದಲ್ಲಿ ಗಾಯರಾಣದ ಕಡೆಗೆ ಸಾಗಿತ್ತು. ನಾಯಿಯಂತೆ ಮೂಸುವುದಿಲ್ಲ, ತಿರುಗುವುದಿಲ್ಲ, ಗೊತ್ತಾದ ಕೆಲಸಕ್ಕೆ ಹೊರಟವರಂತೆ ನೆಟ್ಟಗೆ ಹೋಗುತ್ತಿತ್ತು. ಒಮ್ಮೆ ನಿಂತು ನನ್ನತ್ತ ನೋಡಿತು. ಆ ನೋಟದಲ್ಲಿ ಅಂಜಿಕೆಯಾಗಲಿ ಸಿಟ್ಟಾಗಲಿ ಇರಲಿಲ್ಲ. ಆಮೇಲೆ ಮತ್ತೆ ಅದೇ ಓಟ. ಹಟ್ಟಿಯ ನಾಯಿಗಳು ಬೊಗಳುವ ಹೊತ್ತಿಗೆ ಅದು ಹಳ್ಳದೊಳಗೆ ಇಳಿದಾಗಿತ್ತು.

ಕುರಿಕಾಯುವ ಹಿರಿಯರೊಬ್ಬರು ಕಂಬಳಿಯೊಳಗಿನಿಂದಲೇ ಹೇಳಿದರು: “ತ್ವಾಳ ಅದು. ತನ್ನ ಪಾಲ ಕೇಳಾಕ ಬಂದೈತಿ.” ಹಿಂದಿನ ವಾರವೇ ಅವರ ಒಂದು ಮರಿ ಹೋಗಿತ್ತು. ಬೈಗುಳವನ್ನು ನಿರೀಕ್ಷಿಸಿದ್ದ ನನಗೆ ಈ ಮಾತು ಆಶ್ಚರ್ಯವನ್ನುಂಟುಮಾಡಿತು. ಎಲ್ಲ ಕುರುಬರೂ ಹೀಗೆ ಹೇಳುತ್ತಾರೆಂದಲ್ಲ; ಮರಿ ಹೋದವನ ಹೊಟ್ಟೆ ಉರಿಯುವುದು ಸಹಜ. ತೋಳ, ಚಿಗರಿ ಎರಡಕ್ಕೂ ೧೯೭೨ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿ ರಕ್ಷಣೆಯುಂಟು. ಆದರೆ ಕಾಯಿದೆಯೊಂದರಿಂದಲೇ ಅವು ಉಳಿದಿಲ್ಲ. ಈ ಕಂಬಳಿಯೊಳಗಿನ ಮಾತಿನಿಂದಲೂ ಉಳಿದಿವೆ.

ಈಗ ತಂದೆಯವರ ಪ್ರಶ್ನೆಗೆ ಬರೋಣ. ಹಕ್ಕಿಗಳಿಂದ ರೈತನಿಗೆ ಲಾಭವೋ ನಷ್ಟವೋ? ಎರಡೂ ಉಂಟು. ಜೋಳದ ತೆನೆಗೆ ಎರಗುವ ಕಬ್ಬಕ್ಕಿಯೇ ತನ್ನ ತಾಯ್ನಾಡಿನಲ್ಲಿ ಮಿಡತೆಗಳನ್ನು ರಾಶಿರಾಶಿಯಾಗಿ ತಿನ್ನುತ್ತದೆ; ನಮ್ಮಲ್ಲಿಯೂ ಕಾಳಿನ ಜೊತೆಗೆ ಹುಳುವನ್ನು ತಿನ್ನದೆ ಬಿಡುವುದಿಲ್ಲ. ಕಡಲೆಗೆ ದೊಡ್ಡ ಶತ್ರು ಕಾಯಿಕೊರಕ ಹುಳು. ಹಸಿರು ಬಣ್ಣದ ಈ ಹುಳುವನ್ನು ಕಾಜಾಣ, ಗೊರವಂಕಗಳು ಹುಡುಕಿ ಹುಡುಕಿ ತಿನ್ನುತ್ತವೆ. ಆದರೆ ಕಡಲೆಯ ಗಿಡ ಮೊಳಕಾಲೆತ್ತರ. ಹಕ್ಕಿಗೆ ಕೂರಲು ಎಡೆಯಿಲ್ಲ. ಆದುದರಿಂದಲೇ ಹೊಲದಲ್ಲಿ ಕವಲುಕೋಲುಗಳನ್ನು ನೆಡಿರೆಂದೂ, ಕಡಲೆಯ ನಡುವೆ ಅಲ್ಲಲ್ಲಿ ಜೋಳ ಬಿತ್ತಿರೆಂದೂ ಕೃಷಿಶಾಸ್ತ್ರಜ್ಞರು ಹೇಳುತ್ತಾರೆ. ನಮ್ಮ ಓಣಿಯ ಇಬ್ಬರು ಚುರುಮುರಿಯನ್ನು ಚೆಲ್ಲಿ ಹಕ್ಕಿಗಳನ್ನು ಕರೆಯುತ್ತಾರೆ. ಎಳ್ಳಮಾವಾಸ್ಯೆಯ ದಿನ ನಾವು ಹೊಲದಲ್ಲಿ ಚರಗ ಚೆಲ್ಲುವುದು ಭೂತಾಯಿಯ ಸೀಮಂತಕ್ಕೆಂದು ಹಿರಿಯರು ಹೇಳುತ್ತಾರೆ. ಆ ಹೊತ್ತಿಗೆ ಸರಿಯಾಗಿ ಕಡಲೆ ಹೂವು ಕಾಯಿ ಆಗುತ್ತಿರುವುದೂ, ಚರಗಕ್ಕೆ ಬಂದ ಹಕ್ಕಿ ಹುಳುವನ್ನೂ ಕಾಣುವುದೂ ಕೇವಲ ಆಕಸ್ಮಿಕವೆ? ನನಗಂತೂ ಹಾಗೆ ತೋರುವುದಿಲ್ಲ. ಚಳಿಗಾಲಕ್ಕೆ ಬರುವ ಸೆಳೆವ ಎಂಬ ಬೇಟೆಹಕ್ಕಿಗಳೂ ಬೆಳೆಯ ಮೇಲೆ ತೀರ ಕೆಳಮಟ್ಟದಲ್ಲಿ ತೇಲುತ್ತ ಇಲಿ, ಮಿಡತೆಗಳನ್ನು ಹಿಡಿಯುತ್ತವೆ. ಇವು ಮರದ ಮೇಲೆ ಮಲಗುವುದಿಲ್ಲ. ಹುಲ್ಲಿನ ಬಯಲು ಬೇಕು, ಅಲ್ಲಿ ನೆಲದ ಮೇಲೆಯೇ ಗುಂಪಾಗಿ ರಾತ್ರಿ ಕಳೆಯುತ್ತವೆ.

ಎಣಿಕೆಯಿಂದ ಏನು ಬರುತ್ತದೆ ಎಂಬುದಕ್ಕೆ ಹೊರಗಿನ ಉದಾಹರಣೆ ಬ್ರಿಟನ್ನಿನದು. ಅಲ್ಲಿ ೧೯೬೨ರಿಂದಲೂ ಹವ್ಯಾಸಿಗಳು ಗೊತ್ತಾದ ಹೊಲಗಳಲ್ಲಿ ಸಾಮಾನ್ಯ ಹಕ್ಕಿಗಳನ್ನು ಎಣಿಸುತ್ತ ಬಂದರು. ಆ ಲೆಕ್ಕದ ಪ್ರಕಾರ ೧೯೭೦ರಿಂದ ಈಚೆಗೆ ಹೊಲದ ಹಕ್ಕಿಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಇಳಿದುಹೋಗಿದೆ. ಯಾರೂ ಅವುಗಳನ್ನು ಕೊಂದುದಲ್ಲ. ವಸಂತದಲ್ಲಿ ಬಿತ್ತುತ್ತಿದ್ದ ಪೈರನ್ನು ಶರತ್ಕಾಲದಲ್ಲಿಯೇ ಬಿತ್ತತೊಡಗಿದರು. ಚಳಿಗಾಲದುದ್ದಕ್ಕೂ ಕೂಳೆಯ ಹೊಲದಲ್ಲಿ ಸಿಕ್ಕುತ್ತಿದ್ದ ಕಾಳು ಇಲ್ಲವಾಯಿತು. ಔಷಧ ಹೊಡೆದುದರಿಂದ ಕಳೆಯೂ ಹುಳುವೂ ಹೋದುವು. ಪುಸ್ತಕ ಇಟ್ಟಿದ್ದುದರಿಂದ ಕಾರಣ ತಿಳಿಯಿತು. ನಮ್ಮ ದೇಶದಲ್ಲಿ ಅಷ್ಟು ಹಳೆಯ ಪುಸ್ತಕವಿಲ್ಲ. ಆದರೂ ಸುಮಾರು ಮೂವತ್ತು ಸಾವಿರ ಹವ್ಯಾಸಿಗಳ ಪಟ್ಟಿಗಳಿಂದ ೨೦೨೩ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಹೊರಬಂದಿದೆ. ೯೪೨ ಜಾತಿಗಳನ್ನು ಪರಿಶೀಲಿಸಿದ ಆ ವರದಿ ೧೭೮ ಜಾತಿಗಳಿಗೆ ತುರ್ತಾಗಿ ಗಮನ ಕೊಡಬೇಕೆಂದಿದೆ. ನವಿಲು, ಕೋಗಿಲೆಗಳು ಹೆಚ್ಚಿವೆ. ತೆರೆದ ಬಯಲನ್ನು ನಂಬಿದ ಹಕ್ಕಿಗಳು, ಬೇಟೆಹಕ್ಕಿಗಳು ಇಳಿದಿವೆ. ಬೂದು ಕಳಿಂಗವೆಂಬ ಬಯಲಿನ ಹಕ್ಕಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಕಡಿಮೆಯಾಗಿದೆಯಂತೆ. ನಮ್ಮ ರಾಜ್ಯದ ಹಕ್ಕಿಯಾದ ನೀಲಕಂಠವೂ ಇಳಿದವುಗಳ ಪಟ್ಟಿಯಲ್ಲಿದೆ.

ಬಯಲು ಎಂದರೆ ಬರಿದು, ಬರಿದಾದುದನ್ನು ತುಂಬಬೇಕು ಎಂಬ ತಿಳಿವಳಿಕೆ ಎಷ್ಟು ಹಾನಿ ಮಾಡಬಲ್ಲುದೆಂದು ಅರಿಯಲು ಬ್ರಿಟನ್ನಿಗೂ ಹೋಗಬೇಕಾಗಿಲ್ಲ, ರಾಣೆಬೆನ್ನೂರಿಗೆ ಹೋದರೆ ಸಾಕು. ಅಲ್ಲಿಯ ಕುರುಚಲು ಬಯಲಿನಲ್ಲಿ ೧೯೫೦ರ ದಶಕದಲ್ಲಿ ನೀಲಗಿರಿ ನೆಟ್ಟರು. ೧೯೭೪ರಲ್ಲಿ ಅದು ಕೃಷ್ಣಮೃಗಗಳ ಧಾಮವಾಯಿತು. ಎರೆಭೂತ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ, ಸುಮಾರು ಒಂದು ಮೀಟರು ಎತ್ತರದ ಆ ಭಾರಿ ಹಕ್ಕಿಯೂ ಅಲ್ಲಿತ್ತು. ಸಸಿಗಳು ಗಿಡ್ಡವಾಗಿದ್ದಷ್ಟು ಕಾಲ ಅವುಗಳ ಮರೆ ಪ್ರಾಣಿಗಳಿಗೆ ಅನುಕೂಲವೇ ಆಯಿತು. ಮರಗಳು ಬೆಳೆದು ಒತ್ತಾದ ಮೇಲೆ ಹುಲ್ಲು ಹೋಯಿತು, ದೂರ ನೋಡಿ ಬದುಕುವ ಎರೆಭೂತಕ್ಕೆ ನೋಟವೇ ಇಲ್ಲವಾಯಿತು. ಮರ ನೆಡುವುದು ಪುಣ್ಯದ ಕೆಲಸವೆಂದು ನಾವೆಲ್ಲ ಚಿಕ್ಕಂದಿನಿಂದ ಕಲಿತಿದ್ದೇವೆ, ಸರಿ. ಆದರೆ ಎಲ್ಲಿ ನೆಡುತ್ತೇವೆ ಎಂಬುದನ್ನು ಕೇಳಬೇಡವೆ? ಹತ್ತಿರದಲ್ಲಿಯೇ ಇದಕ್ಕೆ ಬೇರೆಯಾದ ನಿದರ್ಶನವೂ ಇದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಮೇವಿಗೆ ಇಳಿಯುವುದು ಸುತ್ತಲಿನ ಹೊಲಗಳಿಗೆ. ಆ ಕೆರೆ ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜಲತಾಣಗಳ ರಾಮ್‌ಸಾರ್ ಪಟ್ಟಿಗೆ ಸೇರಿತು.

ನನ್ನ ಹತ್ತು ತುಂಡುಗಳ ಲೆಕ್ಕ ಇಷ್ಟು ದೊಡ್ಡದಲ್ಲ. ಒಬ್ಬನೇ ಒಂದೇ ಚಳಿಗಾಲ ನಡೆದ ಒಂದೇ ಹಾದಿಯಿಂದ ಸಿದ್ಧಾಂತ ಹುಟ್ಟುವುದಿಲ್ಲ. ಮುಂದಿನ ವರ್ಷಗಳವರು ಹೋಲಿಸಿ ನೋಡಲು ಒಂದು ಮೊದಲ ಪುಟ ದೊರೆಯುತ್ತದೆ, ಅಷ್ಟೆ. ಆದರೂ ಒಂದು ಸಂಗತಿ ಎದ್ದು ಕಾಣುತ್ತದೆ. ಮೆಕ್ಕೆಜೋಳದ ಎರಡು ತುಂಡುಗಳಲ್ಲಿ ಹದಿನಾಲ್ಕು ಬೆಳಗಿನಲ್ಲಿ ಒಮ್ಮೆಯೂ ಕೌಜುಗ ಕೂಗಲಿಲ್ಲ, ನೆಲಗುಬ್ಬಿ ಏಳಲಿಲ್ಲ. ಕಡಲೆ, ಜೋಳಗಳಲ್ಲಿ ಕಾಜಾಣ, ಗೊರವಂಕ, ಬೆಳವ, ನೀಲಕಂಠಗಳು ಧಾರಾಳವಾಗಿ ಸಿಕ್ಕಿದುವು. ಅದರಲ್ಲಿಯೂ ಬದು ಅಗಲವಾಗಿದ್ದು ಒಂದೆರಡು ಗಿಡ ಉಳಿದಿದ್ದ ಕಡೆ ಹೆಚ್ಚು. ಇನ್ನು ನೆಲಗುಬ್ಬಿ, ಬುರ್ಲಿ, ಕೌಜುಗ, ಸೆಳೆವ ಇವುಗಳ ಬಹುಪಾಲು ಹಾಜರಿ ಬಿದ್ದುದು ಬೀಳು ಹೊಲ ಮತ್ತು ಗಾಯರಾಣದ ಪುಟಗಳಲ್ಲಿ. ನರಿಯ ಬಿಲ ಅಲ್ಲಿ, ಚಿಗರಿ ಹಗಲಲ್ಲಿ ನಿಲ್ಲುವುದು ಅಲ್ಲಿ, ತೋಳ ಹೋದುದೂ ಅಲ್ಲಿಗೇ. ಫೆಬ್ರವರಿಯ ಒಂದು ಬೆಳಗು ಗಾಯರಾಣದ ಹುಲ್ಲಿನಿಂದ ಏಳು ಸೆಳೆವಗಳು ಒಂದಾದಮೇಲೊಂದು ಎದ್ದು ನಾಲ್ಕು ದಿಕ್ಕಿನ ಹೊಲಗಳಿಗೆ ಹಂಚಿಹೋದುವು. ಅಂದರೆ ನಮ್ಮ ಬೆಳೆಯನ್ನು ಕಾಯುವವರು ಮಲಗುವುದು ನಾವು ಬೆಳೆ ತೆಗೆಯದ ನೆಲದಲ್ಲಿ. ಆ ನೆಲಕ್ಕೆ ಕಾಗದಪತ್ರಗಳಲ್ಲಿ ಇರುವ ಹೆಸರು ಬಂಜರು. ಕಂದಾಯ ಹುಟ್ಟದ ನೆಲವೆಲ್ಲ ಬಂಜರು ಎಂದು ಇಂಗ್ಲಿಷರ ಕಾಲದ ದಫ್ತರದವರು ಬರೆದರು; ನಾವು ಅದನ್ನೇ ನಕಲು ಮಾಡುತ್ತ ಬಂದಿದ್ದೇವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವುಂಟು. ನಮ್ಮ ಊರಿನ ಗಾಯರಾಣವನ್ನು ಏನು ಮಾಡಬೇಕೆಂಬ ಚರ್ಚೆ ಈಗ ಕಟ್ಟೆಯ ಮೇಲೆ ನಡೆದಿದೆ. ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಫಲಕಗಳಿಗೆ ಬಾಡಿಗೆ ಕೊಡೋಣ, ಪಂಚಾಯತಿಗೆ ಹಣ ಬರುತ್ತದೆ ಎಂದು ಕೆಲವರು. ಬೇಡ, ಪೂರ್ತಿ ಗಿಡ ನೆಡೋಣ ಎಂದು ಕೆಲವರು. ಇಬ್ಬರೂ ಊರಿನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ. ಶಾಲೆಯ ಚಾವಣಿ ಸೋರುತ್ತಿರುವಾಗ ಹಣ ಬೇಡವೆನ್ನುವುದು ಸುಲಭವಲ್ಲ. ಇಬ್ಬರ ಮಾತಿನಲ್ಲಿಯೂ ಅಲ್ಲಿ ಈಗ ಏನೂ ಇಲ್ಲವೆಂಬುದು ಮಾತ್ರ ಸಮಾನವಾಗಿದೆ. ಹದಿನಾಲ್ಕು ಬೆಳಗಿನ ಲೆಕ್ಕವನ್ನು ನಾಲ್ಕು ಹಾಳೆಗಳಲ್ಲಿ ದುಂಡಗೆ ಬರೆದು ಬರುವ ಗ್ರಾಮಸಭೆಗೆಂದು ಇಟ್ಟಿದ್ದೇನೆ. ಮೊನ್ನೆ ರಜೆಯಲ್ಲಿ ತಂದೆಯವರು ಅದನ್ನು ಓದಿಸಿ ಕೇಳಿದರು. ಸೆಳೆವ ಎಂದರೆ ಯಾವುದು ಎಂದು ಕೇಳಿ, ಕೈಯನ್ನು ತೇಲಿಸಿ ತೋರಿಸಿದ ಮೇಲೆ “ಓ, ಅದs” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ನಮ್ಮ ಎತ್ತು ಮೇಯತಾವು, ಹಟ್ಟಿಯವರ ಕುರಿ ಮೇಯತಾವು. ಅವನ್ನೂ ಎಣಿಸಿ ಬರಿ” ಎಂದರು. ಐದನೆಯ ಹಾಳೆಗೆ ಗೆರೆ ಎಳೆದಿದ್ದೇನೆ. ಸಭೆ ಇನ್ನೂ ಸೇರಿಲ್ಲ.